ಡಾಕ್ಟರು ತಂದ ಪಂಪು

ಹಳೆಯ ಜರ್ಮನ್ ಕಾರು ಸಾಕುವವರನ್ನು ಕಂಡರೆ ಕಲ್ಮೇಶನಿಗೆ ಒಳಗೊಳಗೇ ನಗು. ಅವನ ಹೊಟ್ಟೆ ತುಂಬಿಸುತ್ತಿದ್ದವರೂ ಅವರೇ, ಅದು ಬೇರೆ ವಿಷಯ. ಕಾಮಾಕ್ಷಿಪಾಳ್ಯದಲ್ಲಿ ಒಂದು ಮಗ್ಗುಲಿಗೆ ಲೇತ್ ಶೆಡ್ಡು, ಇನ್ನೊಂದು ಮಗ್ಗುಲಿಗೆ ಗಾರ್ಮೆಂಟ್ಸು, ನಡುವೆ ಅವನ ಗ್ಯಾರೇಜು. ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆಯ ಹಳೇ ಜರ್ಮನ್ ಗಾಡಿಗಳೆಲ್ಲ ಕೊನೆಗೆ ಅವನ ಬಾಗಿಲಿಗೇ ಬಂದು ನಿಲ್ಲುತ್ತಿದ್ದವು. ಕಲ್ಮೇಶನ ಕೈ ಬಿದ್ದರೆ ಸತ್ತ ಎಂಜಿನ್ನೂ ಎದ್ದು ಕೂರುತ್ತದೆ ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳಬೇಡಿ ಎಂದು ಅವನು ಯಾರಿಗೂ ಹೇಳಿದವನಲ್ಲ.

ಈ ಕಾರಿನವರದೊಂದು ವಾಟ್ಸಾಪ್ ಗುಂಪು. ಹೆಸರು 'ವೆಸ್ಟ್ ಜರ್ಮನ್ಸ್'. ಇರುವುದು ಬೆಂಗಳೂರಿನ ಪಶ್ಚಿಮದಲ್ಲಿ, ಓಡಿಸುವುದು ಜರ್ಮನ್ ಗಾಡಿ, ಅದಕ್ಕೇ ಆ ಹೆಸರು. ಇದನ್ನು ಕಂಡುಹಿಡಿದವನು ಹೇರೋಹಳ್ಳಿಯ ದರ್ಶನ್. ತಾತನ ರಾಗಿ ಹೊಲ ಸೈಟುಗಳಾದ ಮೇಲೆ ಇವನಿಗೆ ಕಾರಿನ ಹುಚ್ಚು ಹತ್ತಿತ್ತು. ತನ್ನ ಕಾರನ್ನು ಎಷ್ಟು ತಗ್ಗಿಸಿದ್ದನೆಂದರೆ ಸ್ವಂತ ಊರಿನ ರಸ್ತೆಯಲ್ಲೇ ಹಂಪು ಬಂದಾಗಲೆಲ್ಲ ಜೊತೆಗಿದ್ದವರನ್ನು ಕೆಳಗಿಳಿಸಿ, ಏಡಿಯ ಹಾಗೆ ಅಡ್ಡಡ್ಡ ಹತ್ತಿಸಬೇಕಿತ್ತು. ಟೈರು ಬೋಳಾಗಿದ್ದರೂ ಹಿಂದೆ ಕಾರ್ಬನ್ ಫೈಬರ್ ರೆಕ್ಕೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಉಳಿದವರೂ ಏನು ಕಮ್ಮಿಯಿರಲಿಲ್ಲ. ಒಬ್ಬ ನಾಲ್ಕು ಕೆಜಿ ಭಾರ ಇಳಿಸಲು ಹಿಂದಿನ ಸೀಟು ಕಿತ್ತೆಸೆದಿದ್ದ. ಅವನ ಹೊಟ್ಟೆಯೇ ಸ್ಟೀರಿಂಗಿಗೆ ತಾಗುತ್ತಿತ್ತು, ಅದನ್ನು ಇಳಿಸುವ ಯೋಚನೆ ಮಾತ್ರ ಅವನಿಗೆ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಇವರೆಲ್ಲ ಗ್ಯಾರೇಜಿನ ಮುಂದೆ ಸೇರಿ ಕಾಫಿ ಕುಡಿಯುತ್ತಾ ಕಲ್ಮೇಶನ ಬೈಗುಳ ಕೇಳುವುದು ರೂಢಿ. ಬೈಸಿಕೊಳ್ಳುವುದೂ ಒಂದು ಗೌರವವೇ ಆಗಿಹೋಗಿತ್ತು. ಯಾರಾದರೂ ಮೊಬೈಲು ತೆಗೆದು, "ಅಣ್ಣ, ಫೋರಮ್ಮಲ್ಲಿ ಹಿಂಗೆ ಬರೆದಿದಾರೆ" ಎಂದರೆ ಸಾಕು.

"ಹಂಗಾದ್ರೆ ಫೋರಮ್ಮಿಗೇ ತಗೊಂಡೋಗಿ ರಿಪೇರಿ ಮಾಡಿಸ್ಕೊಳ್ಳಿ. ಇಲ್ಲಿಗ್ಯಾಕೆ ಬಂದ್ರಿ? ಬೀಗದಕೈ ಕೊಡಿ, ಕಾಫಿ ಕುಡೀರಿ, ಮನೆಗೋಗಿ. ಕೆಲಸ ಗೊತ್ತಿರೋನು ಮಾಡ್ತಾನೆ."

ಎಲ್ಲರೂ ನಗುತ್ತಿದ್ದರು. ಮೊಬೈಲು ತೆಗೆದವನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಹೊರಗಿನಿಂದ ತಂದ ಬಿಡಿಭಾಗಗಳ ವಿಷಯದಲ್ಲಂತೂ ಕಲ್ಮೇಶ ಒಂದು ಪಾಠವನ್ನೇ ಕಟ್ಟಿಟ್ಟಿದ್ದ. ಡೂಪ್ಲಿಕೇಟ್ ಮಾಲು ನೋಡೋಕೆ ಚಿನ್ನದ ಹಾಗೇ ಇರುತ್ತದೆ, ಕಣ್ಣಿಗೆ ಕಾಣುವ ಹಾಗಿದ್ದರೆ ಅದನ್ನು ಡೂಪ್ಲಿಕೇಟ್ ಅಂತ ಯಾಕೆ ಕರೀಬೇಕು ಎನ್ನುತ್ತಿದ್ದ. ಅವರು ಅದನ್ನು ವೇದವಾಕ್ಯದಂತೆ ಕಂಠಪಾಠ ಮಾಡಿಕೊಂಡಿದ್ದರು.

ಆ ಗುಂಪಿನಲ್ಲಿ ಕಲ್ಮೇಶನಿಗೆ ಅತ್ಯಂತ ಕಿರಿಕಿರಿಯ ಮನುಷ್ಯ ಸುಘೋಷ್. ಆರ್‌ಪಿಸಿ ಲೇಔಟಿನಲ್ಲಿ ಹಲ್ಲಿನ ಕ್ಲಿನಿಕ್ಕು, ಮನೆ ಬಸವೇಶ್ವರನಗರದಲ್ಲಿ. ಮೆತ್ತಗಿನ ಮಾತು, ಸಣ್ಣ ಕೈ. ಹೇರೋಹಳ್ಳಿಯ ಒಂದು ಖಾಲಿ ಸೈಟಿನಲ್ಲಿ ಟಾರ್ಪಾಲು ಹೊದ್ದು, ಕೋಳಿಗಳಿಗೆ ಮನೆಯಾಗಿ ಬಿದ್ದಿದ್ದ ಎರಡು ಸಾವಿರದ ಮೂರನೇ ಇಸವಿಯ ಬಿಎಂಡಬ್ಲ್ಯೂ ತ್ರೀ ಥರ್ಟಿಯನ್ನು ತಂದು, ಮನೆಯ ಪೋರ್ಟಿಕೋದಲ್ಲಿ ನಾಲ್ಕು ವರ್ಷ ಭಾನುವಾರವೆಲ್ಲ ಕೂತು ತಾನೇ ಬಿಚ್ಚಿ ತಾನೇ ಜೋಡಿಸಿದ್ದ. ಆರು ಸಿಲಿಂಡರಿನ ಎಂಜಿನ್ನು. ಕೈಗೆ ಹಲ್ಲು ಕೀಳುವ ಗ್ಲೌಸು ಹಾಕಿಕೊಂಡು, ಹೆಂಡತಿಯ ಹಳೇ ಸೀರೆ ಹಾಸಿ, ಅದರ ಮೇಲೆ ಬೋಲ್ಟುಗಳನ್ನೆಲ್ಲ ಚೀಟಿ ಅಂಟಿಸಿ ಸಾಲಾಗಿ ಇಟ್ಟುಕೊಳ್ಳುತ್ತಿದ್ದನಂತೆ. ಈ ಸುದ್ದಿ ಕೇಳಿದ ದಿನ ಕಲ್ಮೇಶ, "ಇನ್ನೇನು, ಪಿಸ್ಟನ್ನಿಗೂ ಅರಿವಳಿಕೆ ಕೊಟ್ಟಿರ್ತಾರೆ ಬಿಡಿ" ಎಂದು ಇಡೀ ಗುಂಪನ್ನು ನಗಿಸಿದ್ದ.

ಆದರೆ ಒಂದು ಮಾತು ಅವನು ಯಾರಿಗೂ ಹೇಳಿರಲಿಲ್ಲ. ಒಮ್ಮೆ ಡಾಕ್ಟರ ಕಾರಿನ ಬಾನೆಟ್ ಎತ್ತಿ ನೋಡಿದಾಗ ವೈರುಗಳಿಗೆಲ್ಲ ಬಟ್ಟೆಯ ಟೇಪು ಸುತ್ತಿದ್ದ ರೀತಿ ಕಂಡು ಅವನು ಇನ್ನಷ್ಟು ಬಗ್ಗಿ ನೋಡಿದ್ದ. ಒಂದು ಸುತ್ತೂ ಹೆಚ್ಚಿಲ್ಲ, ಒಂದು ಸುತ್ತೂ ಕಮ್ಮಿಯಿಲ್ಲ. ತನ್ನ ಕೈಯಲ್ಲಿ ಅದು ಆಗುವುದಿಲ್ಲ ಎಂದು ಆ ಕ್ಷಣಕ್ಕೇ ಅವನಿಗೆ ಗೊತ್ತಾಯಿತು. ಬಾನೆಟ್ ಮುಚ್ಚಿ, "ಪರವಾಗಿಲ್ಲ, ಟೇಪು ದಂಡ ಮಾಡಿದೀರಿ" ಎಂದಷ್ಟೇ ಅಂದ. ಹೊಗಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಅಂಥ ಡಾಕ್ಟರು ಒಂದು ಶನಿವಾರ ಮಧ್ಯಾಹ್ನ ಕಾರು ತಂದು ನಿಲ್ಲಿಸಿದ. ಕೈಯಲ್ಲೊಂದು ರಟ್ಟಿನ ಡಬ್ಬ, ಇನ್ನೊಂದರಲ್ಲಿ ಪ್ರಿಂಟು ತೆಗೆದ ಹಾಳೆ.

"ಅಣ್ಣ, ನಾಳೆ ಎಲ್ಲರೂ ಬಿಡದಿಗೆ ಹೋಗ್ತಾ ಇದೀವಿ. ಮೊದಲನೇ ಲಾಂಗ್ ಡ್ರೈವ್. ವಾಟರ್ ಪಂಪ್ ಹಳೇದು, ಅದೊಂದು ಬದಲಾಯಿಸ್ಬೇಕು. ಪಂಪ್ ನಮ್ಮ ಕಸಿನ್ ಕೈಲಿ ತರಿಸಿದೀನಿ."

"ನಾಲ್ಕು ವರ್ಷ ಎಲ್ಲಾ ನೀವೇ ಮಾಡಿದ್ರಲ್ಲ ಡಾಕ್ಟ್ರೇ. ಪಂಪ್ ಒಂದು ಭಾರ ಆಯ್ತಾ?"

"ಮಾಡ್ಬಹುದಿತ್ತು ಅಣ್ಣ." ಸುಘೋಷ್ ನಾಚಿಕೊಂಡ. "ಆದ್ರೆ ರೋಡಿಗಿಳಿಯೋ ಮುಂಚೆ ಒಂದ್ಸಲ ನಿಮ್ಮ ಕೈ ಬೀಳ್ಲಿ ಅಂತ."

ಯಾರಿಗಾದರೂ ಇಂಥ ಮಾತು ಕೇಳಿದರೆ ಮನಸ್ಸು ಮೆತ್ತಗಾಗಬೇಕು. ಕಲ್ಮೇಶನಿಗೆ ಕೊಬ್ಬೇರಿತು. "ತಂದ ಮಾಲು ನಾನು ಹಾಕಲ್ಲ, ಗೊತ್ತಲ್ಲ?" ಎಂದು ಗದರಿ, ಡಬ್ಬ ಬಿಚ್ಚಿ ತಿರುಗಿಸಿ ನೋಡಿ, ಒಳ್ಳೆಯ ಮಾಲು ಅಂತ ಗೊತ್ತಾದ ಮೇಲೂ ಮುಖ ಸಿಂಡರಿಸಿಯೇ ಹಾಕಿದ.

ಪಂಪು ಹಾಕಿ ಆಯಿತು. ಎಂಜಿನ್ನನ್ನು ತಂಪಾಗಿಡುವ ನೀರು, ಕೂಲಂಟ್ ತುಂಬಬೇಕು. ತುಂಬುವಾಗ ಪೈಪುಗಳೊಳಗೆ ಗಾಳಿ ಉಳಿಯಬಾರದು, ಉಳಿದರೆ ಎಂಜಿನ್ನು ಒಳಗೊಳಗೇ ಬೇಯುತ್ತದೆ. ಈ ಕಾರಿನಲ್ಲಿ ಅದಕ್ಕೊಂದು ಕ್ರಮವಿದೆ. ಒಳಗೆ ಕೂತು ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಬೇಕು. ಆಗಲೇ ಹೀಟರಿನ ಪೈಪಿನ ವಾಲ್ವು ತೆರೆದು ಅಲ್ಲಿನ ಗಾಳಿ ಹೊರಬರುತ್ತದೆ. ಬೆಂಗಳೂರಿನಲ್ಲಿ ಹೀಟರ್ ಮುಟ್ಟುವವರೇ ಇಲ್ಲವಾದ್ದರಿಂದ ಎಷ್ಟೋ ಮೆಕ್ಯಾನಿಕ್ಕುಗಳಿಗೆ ಇದು ಗೊತ್ತಿಲ್ಲ. ಕಲ್ಮೇಶನಿಗೆ ಗೊತ್ತಿತ್ತು. ಇಂಥ ನೂರು ಗಾಡಿಗೆ ಹಾಗೇ ಮಾಡಿದ್ದ. ಅವತ್ತೂ ಬಾಗಿಲು ತೆಗೆದು ಒಳಗೆ ಕೈ ಚಾಚಿದ್ದ.

ಅಷ್ಟರಲ್ಲಿ ಡಾಕ್ಟರು ಹಾಳೆ ಬಿಡಿಸಿ ಓದಿದ. "ಅಣ್ಣ, ಇಲ್ಲಿ ಹೀಟರ್ ಫುಲ್ ಹಾಟ್‌ಗೆ ಇಡಬೇಕು ಅಂತಿದೆ. ಫ್ಯಾನ್ ಲೋ."

ಕಲ್ಮೇಶನ ಕೈ ಅಲ್ಲೇ ನಿಂತಿತು. ಈಗ ತಿರುಗಿಸಿದರೆ ಈ ಹಲ್ಲಿನವನು ಹೇಳಿ ತಿರುಗಿಸಿದಂತಾಗುತ್ತದೆ. ನಾಳೆ ಗುಂಪಿನಲ್ಲಿ, ಕಲ್ಮೇಶಣ್ಣ ಹೀಟರ್ ಮರೆತಿದ್ದರು, ಡಾಕ್ಟ್ರು ಜ್ಞಾಪಿಸಿದರು ಅನ್ನುವ ಮಾತು ಹುಟ್ಟುತ್ತದೆ. ಅವನು ಕೈ ಹಿಂದಕ್ಕೆ ತೆಗೆದು ಬಾಗಿಲು ಮುಚ್ಚಿದ.

"ಹೀಟರ್ ಹಾಕೋಕೆ ಇದೇನು ಕಾಶ್ಮೀರನಾ? ಆ ಪೇಪರ್ ಮಡಚಿ ಜೇಬಿಗಿಟ್ಕೊಳ್ಳಿ ಡಾಕ್ಟ್ರೇ. ನಾನು ನಿಮ್ಮ ಕ್ಲಿನಿಕ್ಕಿಗೆ ಬಂದು ಹಲ್ಲು ಹೆಂಗೆ ಕೀಳ್ಬೇಕು ಅಂತ ಓದಿ ಹೇಳ್ತೀನಾ?"

ಡಾಕ್ಟರು ಹಾಳೆ ಮಡಚಿದ. ಇವನು ಅತ್ತ ಹೋದ ಮೇಲೆ ತಿರುಗಿಸಿದರಾಯಿತು ಎಂದು ಕಲ್ಮೇಶ ಲೆಕ್ಕ ಹಾಕಿದ. ಡಾಕ್ಟರು ಅತ್ತ ಇತ್ತ ಹೋಗಲೇ ಇಲ್ಲ. ಕೈಕಟ್ಟಿಕೊಂಡು, ಗುಡಿಯಲ್ಲಿ ಮಂಗಳಾರತಿ ನೋಡುವವನ ಹಾಗೆ ಕೊನೆಯವರೆಗೂ ಎದುರಿಗೇ ನಿಂತಿದ್ದ. ಕಲ್ಮೇಶ ಪೈಪನ್ನು ನಾಲ್ಕು ಸಲ ಹಿಚುಕಿ, ಗುಳ್ಳೆ ನಿಂತಿತು ಎಂದು ತನಗೆ ತಾನೇ ಹೇಳಿಕೊಂಡು ಮುಚ್ಚಳ ಹಾಕಿದ. ಸಂಜೆ ಕಾರು ಹೋಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ದರ್ಶನನ ಫೋನು. ಕೆಂಗೇರಿ ದಾಟಿ ಸ್ವಲ್ಪ ಮುಂದೆ ಡಾಕ್ಟರ ಕಾರು ಆವಿ ಬಿಡುತ್ತಾ ನಿಂತಿದೆ. ಕಲ್ಮೇಶ ಸ್ಕೂಟರಿನಲ್ಲಿ ಹೋಗಿ ನೋಡಿದರೆ ರಸ್ತೆಯ ಪಕ್ಕ ಒಂಬತ್ತು ಕಾರು ಸಾಲಾಗಿ ನಿಂತಿವೆ, ವೆಸ್ಟ್ ಜರ್ಮನ್ನರೆಲ್ಲ ಕಪ್ಪು ಕನ್ನಡಕ ಹಾಕಿಕೊಂಡು ಸಾವಿನ ಮನೆಗೆ ಬಂದವರಂತೆ ಸುತ್ತುವರಿದಿದ್ದಾರೆ. ಸುಘೋಷ್ ಬಂಪರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ.

"ಟೆಂಪರೇಚರ್ ಮುಳ್ಳು ನಡುವಲ್ಲೇ ಇತ್ತಣ್ಣ. ನೋಡ್ತಾನೇ ಇದ್ದೆ. ಒಂದೇ ಸಲಕ್ಕೆ ಕೆಂಪಿಗೋಯ್ತು. ತಕ್ಷಣ ಆಫ್ ಮಾಡ್ದೆ."

ಕಲ್ಮೇಶ ಬಾನೆಟ್ಟಿನೊಳಗೆ ಕೈ ಹಾಕಿದ. ಎಂಜಿನ್ನು ಮುಟ್ಟಲಾಗದಷ್ಟು ಕಾದಿತ್ತು. ಹೀಟರಿಗೆ ಹೋಗುವ ಪೈಪು ಮಾತ್ರ ತಣ್ಣಗಿತ್ತು. ಅಷ್ಟೇ ಸಾಕಾಯಿತು ಅವನಿಗೆ. ಒಳಗೆ ಗಾಳಿ ಉಳಿದಿದೆ, ಕಾವಿಗೆ ಎಂಜಿನ್ನಿನ ಮೇಲ್ಭಾಗದ ಹೆಡ್ಡು ಸೊಟ್ಟಗಾಗಿದೆ, ನಾಲ್ಕು ವರ್ಷದ ಎಂಜಿನ್ನು ಹದಿನೈದು ಕಿಲೋಮೀಟರಿನಲ್ಲಿ ಮುಗಿದಿದೆ. ಮುಗಿಸಿದವನು ತಾನು.

"ಆ ಪಂಪೇ ಇರ್ಬೇಕು ಅಲ್ವಾ ಅಣ್ಣ?" ದರ್ಶನ್ ಹಿಂದಿನಿಂದ ಬಗ್ಗಿ ಕೇಳಿದ. "ಡಾಕ್ಟ್ರೇ ತಂದಿದ್ದಲ್ವಾ ಅದು?"

ಎಲ್ಲರೂ ಕಲ್ಮೇಶನ ಬಾಯನ್ನೇ ನೋಡಿದರು. ಈ ಕ್ಷಣದಲ್ಲಿ ಒಂದು ಮಾತು ಹೇಳಿದ್ದರೆ ಅವನು ಗಂಡಸು ಅನ್ನಿಸಿಕೊಳ್ಳುತ್ತಿದ್ದ. ಅವನೂ ಒಂದು ಮಾತು ಹೇಳಿದ, ಆದರೆ ಬೇರೆಯದು.

"ತಂದ ಮಾಲು ಹಾಕಲ್ಲ ಅಂತ ನಾನು ಮೊದಲೇ ಹೇಳಿದ್ದೆ."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳಾದರೂ ತಾನು ಕುಣಿದ ನೆಲವನ್ನೇ ದೂರಿದಳು, ಇವನು ಪಕ್ಕದಲ್ಲಿ ಕುಕ್ಕರಿಸಿ ಕೂತಿದ್ದವನನ್ನು ತೋರಿಸಿದ.

ಆಮೇಲಿನ ವಾರ ಗುಂಪಿನಲ್ಲಿ ಡಾಕ್ಟರ ಚರ್ಮ ಸುಲಿದರು. ಸುಘೋಷನ ಹೆಸರು 'ಪಂಪ್ ಡಾಕ್ಟ್ರು' ಆಯಿತು. ಕಾರಿಗೆ ಹಲ್ಲುಸೆಟ್ಟು ಹಾಕಿದ ಚಿತ್ರ ಹರಿದಾಡಿತು. ನಿನ್ನೆ ಮೊನ್ನೆ ಅವನಿಂದ ಪುಕ್ಕಟೆ ಹಲ್ಲು ಕ್ಲೀನ್ ಮಾಡಿಸಿಕೊಂಡವರೂ, ಮನೇಲಿ ಕೂತು ಎಂಜಿನ್ ಕಟ್ಟೋದಂದ್ರೆ ಹೋಳಿಗೆ ತಟ್ಟಿದಂಗಾ ಎಂದು ಬರೆದರು. ಸ್ವಂತ ಕಾರಿನ ಆಯಿಲ್ ಫಿಲ್ಟರ್ ಎಲ್ಲಿದೆ ಎಂದು ಗೊತ್ತಿಲ್ಲದವರೆಲ್ಲ ಅವನಿಗೆ ಬುದ್ಧಿ ಹೇಳಿದರು. ಸುಘೋಷ್ ಎಲ್ಲದಕ್ಕೂ ಕೈ ಮುಗಿಯುವ ಗುರುತು ಕಳಿಸಿದ.

ಗ್ಯಾರೇಜಿನಲ್ಲಿ ಕಲ್ಮೇಶ ಎಂಜಿನ್ನು ಬಿಚ್ಚಿದ. ಹೆಡ್ಡು ಸೊಟ್ಟಗಾಗಿ, ಬೋಲ್ಟು ಕೂರುವ ಥ್ರೆಡ್ಡುಗಳೆಲ್ಲ ಕಿತ್ತುಬಂದಿದ್ದವು. ಪಂಪು ಮಾತ್ರ ಹೊಸ ಮದುಮಗನ ಹಾಗೆ ಹೊಳೆಯುತ್ತಿತ್ತು. ಬಿಡಿಭಾಗ ತರಿಸುವ ಕೆಲಸವೆಲ್ಲ ನೋಡಿಕೊಳ್ಳುತ್ತಿದ್ದವಳು ಅವನ ಹೆಂಡತಿ ಸೌಮ್ಯಶ್ರೀ. ಪಂಪನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು.

"ರೀ, ಇದು ಒರಿಜಿನಲ್ಲು. ನಾವು ತರಿಸೋದಕ್ಕಿಂತ ಚೆನ್ನಾಗಿದೆ."

"ನಿಂಗೇನು ಗೊತ್ತು? ನಾನೇನು ತಪ್ಪು ಮಾಡಿದೀನಾ?"

"ನೀವು ಮಾಡಿದೀರಿ ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸೌಮ್ಯಶ್ರೀ ಪಂಪನ್ನು ಕೆಳಗಿಟ್ಟಳು. ಇಪ್ಪತ್ತು ವರ್ಷ ಜೊತೆಗೆ ಬಾಳಿದವಳಿಗೆ ಬಿಡಿಸಿ ಹೇಳುವುದೇನೂ ಇರಲಿಲ್ಲ. "ಪಾಪ ಅಲ್ವಾ ಅವರು" ಎಂದಷ್ಟೇ ಹೇಳಿ ಒಳಗೆ ಹೋದಳು. ಕಲ್ಮೇಶನಿಗೆ ಅವಳು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಶುಕ್ರವಾರ ಸುಘೋಷ್ ಬಂದ. ಎರಡು ಕೈಯಲ್ಲೂ ಹಿಡಿದು ತಂದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಸ್ಪ್ಯಾನರು, ಸಾಕೆಟ್ಟು, ಬೋಲ್ಟನ್ನು ಎಷ್ಟು ಬಿಗಿ ಮಾಡಬೇಕೆಂದು ಅಳೆಯುವ ಟಾರ್ಕ್ ವ್ರೆಂಚು, ಎಲ್ಲ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ.

"ಇವು ನಿಮ್ಮ ಹತ್ರ ಇರ್ಲಿ ಅಣ್ಣ. ಯಾರಾದ್ರೂ ಗೊತ್ತಿರೋರ ಕೈಗೆ ಸೇರ್ಲಿ. ಕಾರನ್ನ ದರ್ಶನ್ ಕೇಳ್ತಾ ಇದಾನೆ. ಗೇರ್‌ಬಾಕ್ಸು, ಸೀಟು ಬಿಚ್ಕೊಂಡು ಉಳಿದಿದ್ದು ಗುಜರಿಗೆ ಹಾಕ್ತಾನಂತೆ. ಭಾನುವಾರ ಬರ್ತಾನೆ."

"ಗುಜರಿಗಾ?" ಕಲ್ಮೇಶ ಪೆಟ್ಟಿಗೆಯಿಂದ ತಲೆಯೆತ್ತಿದ.

"ಇನ್ನೇನ್ಮಾಡ್ಲಿ ಅಣ್ಣ. ನಾನು ಮುಟ್ಟಬಾರದಾಗಿತ್ತು."

ಹೇಳುವುದಿದ್ದರೆ ಆಗಲೇ ಹೇಳಬಹುದಿತ್ತು, ಇಬ್ಬರೇ ಇದ್ದರು. ಕಲ್ಮೇಶ ಟಾರ್ಕ್ ವ್ರೆಂಚನ್ನು ಎತ್ತಿ ನೋಡಿ ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟ. ಇಪ್ಪತ್ತೆರಡು ವರ್ಷದ ಹೆಸರು ಅಷ್ಟು ಸುಲಭಕ್ಕೆ ಬಾಯಿ ಬಿಡಿಸುತ್ತದೆಯೇ? ಡಾಕ್ಟರು ಹೋದ ಮೇಲೆ ಆ ಪೆಟ್ಟಿಗೆಯ ಮುಂದೆ ಕೂತವನು ಬಹಳ ಹೊತ್ತು ಏಳಲಿಲ್ಲ. ಕೊನೆಗೆ, ಹಾಳಾಗಿ ಹೋಗಲಿ, ಭಾನುವಾರ ಎಲ್ಲರೆದುರಿಗೇ ಹೇಳಿಬಿಡುತ್ತೇನೆ ಎಂದು ತೀರ್ಮಾನ ಮಾಡಿದ. ಹೆಸರು ಹೋದರೆ ಹೋಗಲಿ, ಆ ಕಾರು ಗುಜರಿಗೆ ಹೋಗಬಾರದು. ಇಷ್ಟು ತೀರ್ಮಾನಿಸಲು ಅವನಿಗೆ ಎಷ್ಟು ಕಷ್ಟವಾಯಿತು ಎಂಬುದನ್ನು ನೋಡಿದ್ದರೆ ನಮಗೂ ಸ್ವಲ್ಪ ಕನಿಕರ ಬರುತ್ತಿತ್ತು.

ಭಾನುವಾರ ಎಲ್ಲರೂ ಬಂದರು. ದರ್ಶನ್ ಗಾಡಿ ಹೊತ್ತೊಯ್ಯುವ ಲಾರಿಯನ್ನೂ ತಂದಿದ್ದ. ಕಾಫಿಯ ಲೋಟ ಕೈಗೆ ಬರುವ ಮೊದಲೇ ಕಲ್ಮೇಶ ಎದ್ದು ನಿಂತ.

"ಒಂದ್ನಿಮಿಷ ಎಲ್ರೂ ಕೇಳಿ. ಡಾಕ್ಟ್ರ ಪಂಪಿಂದ ಏನೂ ಆಗಿಲ್ಲ. ಪಂಪ್ ಒರಿಜಿನಲ್ಲು. ತಪ್ಪು ನಂದು. ಅವತ್ತು ನಾನು ಹೀಟರ್ ಆನ್ ಮಾಡದೆ ಕೂಲಂಟ್ ತುಂಬ್ದೆ. ಗಾಳಿ ಒಳಗೇ ಉಳೀತು. ಎಂಜಿನ್ ಸುಟ್ಟೋನು ನಾನು."

ದರ್ಶನ್ ಎದೆಯ ಮೇಲೆ ಕೈಯಿಟ್ಟುಕೊಂಡ.

"ನೋಡ್ರೋ ಮಕ್ಳಾ, ದೊಡ್ಡತನ ಅಂದ್ರೆ ಇದು. ನಾವು ಡಾಕ್ಟ್ರನ್ನ ಅಷ್ಟು ರೇಗಿಸಿದ್ವಿ. ಅಣ್ಣ ಅವರ ಮಾನ ಉಳಿಸೋಕೆ ತನ್ ಮೇಲೆ ಹಾಕ್ಕೊಂತಾ ಇದಾರೆ."

"ಮಾನ ಉಳಿಸೋಕಲ್ಲ ಕಣಯ್ಯಾ! ನಿಜ ಹೇಳ್ತಾ ಇದೀನಿ!"

ಯಾರೋ ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಕಲ್ಮೇಶ ಒಳಗೆ ಓಡಿ ಪಂಪು ತಂದು ಅವರ ಮುಖಕ್ಕೆ ಹಿಡಿದ. "ನೋಡಿ! ಎಲ್ಲಾದ್ರೂ ಗೀರು ಇದೆಯಾ? ತಿರುಗಿಸಿ ನೋಡಿ!"

"ನೀವೇ ಹೇಳಿದ್ರಲ್ಲಣ್ಣ," ಹಿಂದಿನ ಸೀಟು ಕಿತ್ತೆಸೆದಿದ್ದವನು ಪಂಪನ್ನು ಮುಟ್ಟದೆಯೇ ಹೇಳಿದ, "ಡೂಪ್ಲಿಕೇಟ್ ಮಾಲು ನೋಡೋಕೆ ಚಿನ್ನದಂಗೇ ಇರುತ್ತೆ ಅಂತ."

ಕಲ್ಮೇಶನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಈ ಮೂರ್ಖರನ್ನು ಇಷ್ಟು ವರ್ಷ ಕೂರಿಸಿ ತಿದ್ದಿದವನು ತಾನೇ ಅಲ್ಲವೇ. ಅವನು ಗುಂಪನ್ನು ಬಿಟ್ಟು ಸುಘೋಷನ ಕಡೆ ತಿರುಗಿದ. ಇವನೊಬ್ಬನಿಗಾದರೂ ಗೊತ್ತಿರಲೇಬೇಕು.

"ಡಾಕ್ಟ್ರೇ, ನೀವೇ ಅಲ್ವಾ ಓದಿ ಹೇಳಿದ್ದು, ಹೀಟರ್ ಫುಲ್ ಇಡಬೇಕು ಅಂತ? ನಾನು ಬಾಗಿಲು ಮುಚ್ಚಿದ್ದು ನೋಡಿದ್ರಲ್ವಾ? ನೀವು ಹೇಳಿದ್ರಿ ಅನ್ನೋ ಒಂದೇ ಕೊಬ್ಬಿಗೆ ನಾನು ಮಾಡ್ಲಿಲ್ಲ. ಹೇಳಿ ಇವರಿಗೆ."

ಸುಘೋಷ್ ಮೆಲ್ಲಗೆ ನಕ್ಕ. ಆ ನಗುವಿನಲ್ಲಿ ಕೋಪದ ಎಳೆಯೂ ಇರಲಿಲ್ಲ.

"ಓದಿದ್ದು ನಾನು ಅಣ್ಣ, ಗೊತ್ತಿರೋದು ನಿಮಗೆ. ನೀವು ಬೇಡ ಅಂದ್ರೆ ಬೇಡ ಅಂತಾನೇ ಅರ್ಥ. ನೀವು ತಪ್ಪು ಮಾಡೋರಾಗಿದ್ರೆ ನಾವೆಲ್ಲ ಇಲ್ಲಿಗ್ಯಾಕೆ ಬರ್ತಿದ್ವಿ?"

"ಬೇರೆ ಎಂಜಿನ್ ಹುಡುಕಿ ನಾನೇ ಹಾಕಿಕೊಡ್ತೀನಿ. ನೀವೂ ಜೊತೆಗೆ ಬನ್ನಿ, ಇಬ್ಬರೂ ಸೇರಿ ಮಾಡೋಣ. ನಿಮ್ಮ ಕೈ ಕೆಲಸ ನನಗಿಂತ ಚೆನ್ನಾಗಿದೆ ಡಾಕ್ಟ್ರೇ. ಆ ವೈರಿಂಗ್ ನೋಡಿದ ದಿನಾನೇ ಹೇಳ್ಬೇಕಿತ್ತು ನಾನು."

"ನನಗೆ ಬೇಜಾರಾಗಬಾರದು ಅಂತ ಎಷ್ಟೆಲ್ಲ ಹೇಳ್ತೀರಣ್ಣ." ಡಾಕ್ಟರ ಕಣ್ಣು ತುಂಬಿ ಬಂದಿತ್ತು. "ನನ್ನ ಮೂರ್ಖತನಕ್ಕೆ ನೀವ್ಯಾಕೆ ದುಡೀಬೇಕು? ಬೇಡ."

ಕಲ್ಮೇಶ ಲಾರಿಗೆ ಅಡ್ಡ ನಿಂತ. ಇಬ್ಬರು ಬಂದು, "ಭಾವುಕ ಆಗಬೇಡಿ ಅಣ್ಣ" ಎಂದು ಪ್ರೀತಿಯಿಂದ ಭುಜ ಹಿಡಿದು ಪಕ್ಕಕ್ಕೆ ಕೂರಿಸಿದರು. ಕಾರು ಲಾರಿ ಹತ್ತಿತು. ಅದರ ಬಾಗಿಲಿನ ರಬ್ಬರು, ಗಾಜಿನ ಅಂಚು, ಒಂದೊಂದು ಸ್ಕ್ರೂ ಕೂಡ ಡಾಕ್ಟರು ಕೂರಿಸಿದ ಜಾಗದಲ್ಲೇ ಅಲುಗದೆ ಇದ್ದವು. ದರ್ಶನ್ ಗುಂಪಿಗೆಂದು ಕಲ್ಮೇಶನ ಒಂದು ಫೋಟೋ ತೆಗೆದುಕೊಂಡ. ಅರ್ಧ ಗಂಟೆಯಲ್ಲಿ ಅದಕ್ಕೆ ನಲವತ್ತು ಹೃದಯಗಳು ಬಿದ್ದವು.

ಎಲ್ಲರೂ ಹೋದ ಮೇಲೆ ಸುಘೋಷ್ ಒಬ್ಬನೇ ಹಿಂದೆ ಉಳಿದ. ಹೊಸ ಕಾರು ಬುಕ್ ಮಾಡಿದ್ದೇನೆ, ಆಟೋಮ್ಯಾಟಿಕ್ಕು, ಸರ್ವಿಸ್ಸೆಲ್ಲ ಕಂಪನಿಯವರೇ ನೋಡಿಕೊಳ್ಳುತ್ತಾರೆ ಎಂದ. ಗೇಟಿನವರೆಗೆ ಹೋದವನು ಏನೋ ನೆನಪಾಗಿ ತಿರುಗಿ ಬಂದ. ಆರು ಸಿಲಿಂಡರಿನ ಎಂಜಿನ್ನನ್ನು ಒಂದೊಂದೇ ಬೋಲ್ಟು ಹಿಡಿದು ಎಬ್ಬಿಸಿದ್ದ ಮನುಷ್ಯ ಕಲ್ಮೇಶನ ಎದುರು ಕೈ ಕಟ್ಟಿ ನಿಂತು, ಗೇಲಿಯ ಸುಳಿವೂ ಇಲ್ಲದ ದನಿಯಲ್ಲಿ ಕೇಳಿದ:

"ಅಣ್ಣ, ಒಂದು ಡೌಟು. ವೈಪರಿಗೆ ನೀರು ಹಾಕೋದು ನಾನೇ ಮಾಡ್ಬಹುದಾ? ಅಥವಾ ಅದನ್ನೂ ಯಾರಿಗಾದ್ರೂ ತೋರಿಸ್ಲಾ?"